ಕಾಲು ಟ್ಯಾಂಕಿನ ಸುಳ್ಳು

ಟ್ಯಾಂಕಿನಲ್ಲಿ ಇನ್ನೂ ಕಾಲು ಭಾಗ ಪೆಟ್ರೋಲ್ ಇದೆ ಎಂದು ಮೀಟರಿನ ಮುಳ್ಳು ತೋರಿಸುತ್ತಿರುವಾಗಲೇ ಕಾರು ನಿಂತುಬಿಟ್ಟರೆ ನೀವು ಯಾರನ್ನು ನಂಬುತ್ತೀರಿ? ಮುಳ್ಳನ್ನೋ, ಕಾರನ್ನೋ?

ನಾನು ಮುಳ್ಳನ್ನು ನಂಬಿದೆ. ಕಳೆದ ಮಂಗಳವಾರ ಬೆಳಿಗ್ಗೆ ಖಡಕಿಯ ರಸ್ತೆಯಲ್ಲಿ ಬಾನೆಟ್ ಎತ್ತಿ, ಏನೂ ತಿಳಿಯದೆ ಐದು ನಿಮಿಷ ಒಳಗೆ ಇಣುಕಿದೆ.

ಪಕ್ಕದಲ್ಲಿ ಬಸವಣ್ಣೆಪ್ಪ ನಿಂತಿದ್ದ. ಬೆಳಗಾವಿ ಕಡೆಯವನು, ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಫಿಟರ್. ಹೆಂಡತಿಗೆ ಚೊಚ್ಚಲ ಹೆರಿಗೆ. ಕೂಸು ಅಡ್ಡ ತಿರುಗಿದೆ ಎಂದು ಸೂಲಗಿತ್ತಿ ಕೈಚೆಲ್ಲಿದ್ದರಿಂದ ಸೈಕಲ್ ತುಳಿದುಕೊಂಡು ನನ್ನನ್ನು ಕರೆಯಲು ಬಂದಿದ್ದ. ಆ ಸೈಕಲನ್ನು ನನ್ನ ದವಾಖಾನೆಯ ಗೋಡೆಗೆ ಒರಗಿಸಿ ಬಂದಿದ್ದೆವು. (ಕಾರು ಬೇಗ ಹೋಗುತ್ತದೆ ಎಂದವನು ನಾನೇ.)

ಅವನು ರಸ್ತೆ ಬದಿಯ ಒಂದು ಕಡ್ಡಿ ಮುರಿದು ಟ್ಯಾಂಕಿನೊಳಗೆ ಇಳಿಬಿಟ್ಟ. ಕಡ್ಡಿ ತುದಿಯೂ ಒದ್ದೆಯಾಗದೆ ಹೊರಗೆ ಬಂತು.

"ಪೆಟ್ರೋಲ್ ತೀರೇದ್ರಿ, ಡಾಕ್ಟರ್ ಸಾಹೇಬ್ರ," ಎಂದ. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಪುಣ್ಯಕ್ಕೆ ಒಂದು ಟಾಂಗಾ ಬಂತು. ಕುದುರೆಯ ಪ್ರತಿ ಹೆಜ್ಜೆಯನ್ನೂ ಎಣಿಸುತ್ತ ಕೂತೆವು. ಮನೆ ಮುಟ್ಟಿದಾಗ ಆ ಹುಡುಗಿಗೆ ನರಳುವ ಶಕ್ತಿಯೂ ಉಳಿದಿರಲಿಲ್ಲ. ಕೂಸನ್ನು ತಿರುಗಿಸುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು. ಕೊನೆಗೆ ಹೆಣ್ಣು ಮಗು ಅತ್ತಿತು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅಪ್ಪನೂ ಅತ್ತ.

ಭಾನುವಾರ ಅವನು ಪೇಢೆ ಹಿಡಿದುಕೊಂಡು ಬಂದ. ಇನ್ನೊಂದು ಕೈಯಲ್ಲಿ ಪಾನಾ, ಇಕ್ಕಳ. ನನಗೆ ನಾಚಿಕೆಯಾಯಿತು. ಮೀಟರ್ ಕೆಟ್ಟಿದೆ, ಹೊಸದು ವಿಲಾಯಿತಿಯಿಂದಲೇ ಬರಬೇಕು, ಯುದ್ಧ ಮುಗಿಯಲಿ ಎಂದು ಮರುದಿನ ಕಾರನ್ನು ಎಳೆದು ತಂದ ಗ್ಯಾರೇಜಿನವರು ಹೇಳಿದ್ದನ್ನು ತಿಳಿಸಿದೆ. ಅವನು ಮೀಟರಿನ ಕಡೆ ನೋಡಲೇ ಇಲ್ಲ. ಕಾರಿನ ಕೆಳಗೆ ತೂರಿ, ಟ್ಯಾಂಕಿನ ಹೊಟ್ಟೆ ಸವರಿ, ಅಲ್ಲಿಂದಲೇ ಕೇಳಿದ: "ಇದಕ್ಕ ಎಲ್ಲ್ಯರ ಪೆಟ್ಟ ಬಿದ್ದಿತ್ತೇನ್ರಿ?"

ಇಲ್ಲ ಎಂದೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಬಾಯಿ ಹಾಕಿದಳು. "ಸಿಂಹಗಡದ ಹಾದ್ಯಾಗ ಕಲ್ಲು ಬಡದಿತ್ತಲ್ರಿ. ನಾ ಅವತ್ತ ಹೇಳಿದ್ದೆ, ಇಳದು ನೋಡ್ರಿ ಅಂತ."

ಹೌದು, ಹೇಳಿದ್ದಳು. ಏನೂ ಆಗಿಲ್ಲ ಎಂದು ನಾನು ಕೂತಲ್ಲಿಂದಲೇ ತೀರ್ಪು ಕೊಟ್ಟಿದ್ದೆ.

ಕಲ್ಲಿನ ಏಟಿಗೆ ಟ್ಯಾಂಕಿನ ತಳ ಒಳಗೆ ಉಬ್ಬಿತ್ತು. ಪೆಟ್ರೋಲಿನ ಮೇಲೆ ತೇಲುವ ಬುರುಡೆ ಇಳಿಯುತ್ತ ಬಂದು ಆ ಉಬ್ಬಿನ ಮೇಲೆ ಕೂತುಬಿಡುತ್ತಿತ್ತು. ಮುಳ್ಳೂ ಅಲ್ಲೇ ನಿಲ್ಲುತ್ತಿತ್ತು. ಬಸವಣ್ಣೆಪ್ಪ ಬುರುಡೆಯ ತಂತಿಯನ್ನು ಹೊರತೆಗೆದು, ಉಬ್ಬಿನ ಪಕ್ಕಕ್ಕೆ ಇಳಿಯುವಂತೆ ಇಕ್ಕಳದಿಂದ ಒಂದಿಷ್ಟು ಬಗ್ಗಿಸಿದ. ಹರಿದಿದ್ದ ವಾಷರಿನ ಬದಲು ನನ್ನ ಹಳೆಯ ಚಪ್ಪಲಿಯ ಚರ್ಮ ಕತ್ತರಿಸಿ ಕೂಡಿಸಿದ. ಅಷ್ಟೇ ರಿಪೇರಿ! ಖಾಲಿ ಟ್ಯಾಂಕಿಗೆ ಮುಳ್ಳು ಸೊನ್ನೆಗೆ ಇಳಿಯಿತು. ಪೆಟ್ರೋಲ್ ಸುರಿದಂತೆಲ್ಲ ವಿಧೇಯವಾಗಿ ಏರಿತು. ನನ್ನ ಹೆಂಡತಿ ಅವನಿಗೆ ಎರಡನೇ ಸಲ ಚಹಾ ಕೊಟ್ಟಳು, ನನಗೆ ಕೊಡಲಿಲ್ಲ.

ಇಪ್ಪತ್ತು ವರ್ಷಗಳಿಂದ ರೋಗಿಗಳನ್ನು "ಮೊದಲೇ ಯಾಕೆ ಹೇಳಲಿಲ್ಲ?" ಎಂದು ಗದರಿಸುತ್ತ ಬಂದಿದ್ದೇನೆ, ಅವರಲ್ಲಿ ಎಷ್ಟು ಜನ ಹೇಳಿದ್ದರೋ, ನಾನೇ ಕೇಳಿಸಿಕೊಂಡಿರಲಿಲ್ಲವೋ?