ಬಟ್ಟೆಯ ಆ ತುದಿ

ಇವತ್ತು ಮುಂಜಾನೆ ಅಡುಗೆಮನೆಗೆ ಕಾಲಿಟ್ಟ ಕೂಡಲೇ ನೆನೆದ ಒಣದ್ರಾಕ್ಷಿಯ ವಾಸನೆ ಮೂಗಿಗೆ ಬಡಿಯಿತು. ಒಲೆಯ ಪಕ್ಕದಲ್ಲಿ ಒಂದು ಬೋಗುಣಿ. ಮುಚ್ಚಿದ ತಟ್ಟೆ ಸರಿಸಿ ನೋಡಿದರೆ ರಾತ್ರಿಯಿಡೀ ನೀರು ಕುಡಿದು ಉಬ್ಬಿದ ಕಾಳುಗಳು. ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ. ನನಗೆ ಸಿಟ್ಟು ಬರಲು ಇಷ್ಟು ಸಾಕು. ಇಷ್ಟೂ ಬೇಕಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ, ಆ ಮಾತು ಬೇರೆ. "ಕದ್ದು ತಿನ್ನಾಕ ನೆನಿ ಇಟ್ಟೀಯೇನ ಬೇ?" ಎಂದು ಕೂಗಲು ಬಾಯಿ ತೆರೆದವಳು, ಬೋಗುಣಿಯ ಮಗ್ಗುಲಲ್ಲಿ ಮಡಿಚಿಟ್ಟ ಬಿಳಿ ಬಟ್ಟೆಯನ್ನು ಕಂಡು ಬಾಯಿ ಮುಚ್ಚಿದೆ. ಎಷ್ಟು ಒಗೆದರೂ ಹೋಗದ ಕಂದು ಕಲೆಗಳ ಆ ಬಟ್ಟೆ ನನಗೆ ಗೊತ್ತು. ಚಿಗವ್ವ ತೀರಿಕೊಂಡ ಮೇಲೆ ಅದು ಟ್ರಂಕಿನಿಂದ ಹೊರಗೆ ಬಂದಿರಲಿಲ್ಲ.

ಆ ಬಟ್ಟೆಯ ಸಂಗತಿ ಹೇಳಬೇಕೆಂದರೆ ನಿಮ್ಮನ್ನು ತಿಕೋಟಾಕ್ಕೆ ಕರೆದುಕೊಂಡು ಹೋಗಬೇಕು. ದೂರವೇನಲ್ಲ, ಬನ್ನಿ. ನಾನು ಸಣ್ಣವಳಿದ್ದಾಗ ನಾವೆಲ್ಲ ಅಲ್ಲಿಯೇ ಇದ್ದೆವು. ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಅಪ್ಪ, ಅವ್ವ, ಕಾಕಾ, ಮತ್ತು ಅವನ ಹೆಂಡತಿ ಎಸ್ತೇರ ಚಿಗವ್ವ. ಎಲ್ಲರೂ ಒಂದೇ ಅಂಗಳದ ಸುತ್ತ. ಊರಿನಲ್ಲಿದ್ದ ನಾಲ್ಕಾರು ಕ್ರೈಸ್ತ ಮನೆಗಳಲ್ಲಿ ನಮ್ಮದೂ ಒಂದು. ದೊಡ್ಡ ಚರ್ಚು, ಗೋಪುರ ಏನೂ ಇರಲಿಲ್ಲ, ತಗಡು ಹೊದಿಸಿದ ಒಂದು ಪ್ರಾರ್ಥನಾ ಮನೆ. ತಿಂಗಳ ಮೊದಲ ಭಾನುವಾರ ಪಾಸ್ಟರು ವಿಜಯಪುರದಿಂದ ಬಸ್ಸು ಹಿಡಿದು ಬರುತ್ತಿದ್ದರು. ಯೇಸು ತನ್ನವರೊಡನೆ ಮಾಡಿದ ಕೊನೆಯ ಊಟದ ನೆನಪಿಗೆ ಅಂದು ಎಲ್ಲರಿಗೂ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ.

ಆ ರಸ ಮಾಡುವ ಕೆಲಸ ಆಯಿಯದು. ತಿಕೋಟಾದಲ್ಲಿ ದ್ರಾಕ್ಷಿಗೆ ಬರವೇ? ಊರ ಸುತ್ತಲೂ ತೋಟ, ತೋಟದ ಬದಿಗೆ ದ್ರಾಕ್ಷಿ ಒಣಗಿಸುವ ಶೆಡ್ಡು. ಪಕ್ಕದ ಮನೆಯ ದಸ್ತಗೀರ ಕಾಕಾನದೂ ಒಂದು ಶೆಡ್ಡು ಇತ್ತು. ಬಣ್ಣ ಕಟ್ಟದ, ಒಣಗಲು ಹರಡಿದ ಬಲೆಯಿಂದ ಕೆಳಗೆ ಉದುರಿದ ಸಣ್ಣ ಒಣದ್ರಾಕ್ಷಿಯನ್ನೆಲ್ಲ, ನಮ್ಮ ಕಡೆಯ ಮಾತಿನಲ್ಲಿ ಮಣೂಕವನ್ನು, ಆತ ಆಯಿಗೆಂದು ತೆಗೆದಿಡುತ್ತಿದ್ದ.

"ಆಯೀ, ಈ ಮಣೂಕ ಬಜಾರದಾಗ ನಡ್ಯಂಗಿಲ್ಲ ನೋಡ."

"ದೇವರ ಮನ್ಯಾಗ ನಡೀತಾವ, ತಾ ಇಲ್ಲೆ," ಎಂದು ಆಯಿ ಸೆರಗು ಒಡ್ಡುತ್ತಿದ್ದಳು. ಅದರಲ್ಲಿ ಒಂದು ಹಿಡಿ ನನ್ನ ಲಂಗದ ಕಿಸೆಯಲ್ಲೂ ನಡೆಯುತ್ತಿತ್ತು.

ಪಾಸ್ಟರಿಗೆ ಒಂದು ಮೆಚ್ಚಿನ ಮಾತಿತ್ತು. ದೇವರು ದೊಡ್ಡ ಕೆಲಸಕ್ಕೆ ಯಾವಾಗಲೂ ಸಣ್ಣ ಸಾಮಾನನ್ನೇ ಹುಡುಕುತ್ತಾನೆ. ಕುರಿ ಕಾಯುವವನ ಕೋಲು, ಹುಡುಗನ ಬುತ್ತಿಯ ಐದು ರೊಟ್ಟಿ, ಸಾಸಿವೆ ಕಾಳು. ನನಗೆ ಅದು ಅಷ್ಟಾಗಿ ಒಪ್ಪಿಗೆಯಾಗುತ್ತಿರಲಿಲ್ಲ. ಬಸ್ಸಿನಲ್ಲಿ ಹೋದರೆ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ ಗೋಳಗುಮ್ಮಟದಂಥ ಗೋಳಗುಮ್ಮಟವೇ ಇರುವಾಗ ದೇವರಿಗೆ ಸಾಸಿವೆ ಕಾಳೇ ಏಕೆ ಬೇಕು? ಆಯಿಯನ್ನು ಕೇಳಿದರೆ, "ಗುಮ್ಮಟ ಒಗ್ಗರಣಿಗೆ ಬರತೈತೇನ?" ಎಂದಳು. ಅಲ್ಲಿಗೆ ನನ್ನ ದೇವರ ವಿಚಾರ ಮುಗಿಯಿತು.

ಆದರೆ ಸಣ್ಣ ಸಾಮಾನಿನಿಂದ ದೊಡ್ಡ ಅನಾಹುತವೂ ಆಗುತ್ತದೆಂದು ನಮ್ಮ ಮನೆಯವರಿಗೆ ಗೊತ್ತಿತ್ತು. ನಮ್ಮಲ್ಲಿ ಅದನ್ನು ಮಾಡಿದ್ದು ಕರ್ಚಿಕಾಯಿ. ಒಂದು ಕ್ರಿಸ್‌ಮಸ್ಸಿಗೆ ಅವ್ವ ಕರಿದ ಕರ್ಚಿಕಾಯಿಗಳು ಎಣ್ಣೆಯಲ್ಲಿ ಬಾಯಿ ಬಿಟ್ಟು ಹೂರಣವೆಲ್ಲ ಹೊರಗೆ ಚೆಲ್ಲಿತು. ಬೀಗರು ತುಂಬಿದ ಮನೆಯಲ್ಲಿ ಎಸ್ತೇರ ಚಿಗವ್ವ ತಟ್ಟೆ ಹಿಡಿದುಕೊಂಡು, "ಮಾಡಿದಾಕಿ ಹಂಗ ಅದಾವ್ರಿ, ಒಟ್ಟ ಬಾಯಿ ಮುಚ್ಚಂಗಿಲ್ಲ," ಎಂದುಬಿಟ್ಟಳು. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಚಿಗವ್ವ ಬಬಲೇಶ್ವರದವಳು, ಅವ್ವ ಕಾಖಂಡಕಿಯವಳು. ಎರಡು ಊರಿನ ಹಠವೂ ನಮ್ಮ ಅಂಗಳಕ್ಕೆ ಬಂದು ಬಿಡಾರ ಹೂಡಿತು. ಅಂದು ನಿಂತ ಮಾತು ಮುಂದಿನ ಕ್ರಿಸ್‌ಮಸ್ಸಿಗೂ ಶುರುವಾಗಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಒಂದೇ ಒಲೆ ಎರಡಾಯಿತು. "ನಿಮ್ಮವ್ವಗ ಹೇಳ, ಹಾಲು ಉಕ್ಕಾಕತ್ತೈತಿ" ಎಂದು ಇವಳು, "ಕಣ್ಣದಾವ ಅಂತ ಹೇಳ" ಎಂದು ಅವಳು. ನಡುವೆ ಓಡಾಡುವ ಅಂಚೆ ನಾನು.

ಒಂದು ಭಾನುವಾರ ರಸದ ಪುಟ್ಟ ಬಟ್ಟಲುಗಳ ತಟ್ಟೆ ನಮ್ಮ ಸಾಲಿಗೆ ಬಂದಾಗ ಆಯಿ ಅದನ್ನು ಮುಟ್ಟದೆ ಪಕ್ಕದವರಿಗೆ ದಾಟಿಸಿದ್ದನ್ನು ಕಂಡೆ. ರೊಟ್ಟಿಯನ್ನೂ ಮುಟ್ಟಿರಲಿಲ್ಲ. ಮನೆಗೆ ಬರುವಾಗ ಏಕೆಂದು ಕೇಳಿದೆ.

"ಮನ್ಯಾಗ ಇಬ್ಬರು ಸೊಸಿಗೋಳು ಮುಖ ತಿರುವಿಕೊಂಡ ಕುಂತಾರ. ಅಲ್ಲಿ ಹೋಗಿ ಯಾವ ಮುಖಾ ಇಟಗೊಂಡ ಕೈ ಒಡ್ಡಲಿ, ಮಗಳ? ಅವರು ಕೂಡಿದ ದಿನಾ ತಗೋತೀನಿ."

ಪ್ರತಿ ತಿಂಗಳೂ ಇಡೀ ಸಭೆಗೆ ರಸ ಹಿಂಡಿ ಕೊಡುತ್ತಿದ್ದವಳು ಆ ಕರ್ಚಿಕಾಯಿಯ ದಿನದಿಂದ ಒಂದು ಹನಿಯನ್ನೂ ನಾಲಿಗೆಗೆ ಹಚ್ಚಿರಲಿಲ್ಲ. ಈ ಸಂಗತಿಯನ್ನು ಅಂಚೆಯವಳು ಎರಡೂ ಒಲೆಗಳಿಗೆ ಮುಟ್ಟಿಸಿದಳು. ಇಬ್ಬರೂ ಅತ್ತರು. ಬೇರೆ ಬೇರೆ ಕೂತು ಅತ್ತರು, ಅಷ್ಟೇ.

ಆಮೇಲೆ ಆಯಿಯ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ವಿಜಯಪುರದ ಡಾಕ್ಟರು ಸೋಮವಾರ ಆಪರೇಷನ್ ಎಂದರು. ಈ ವಯಸ್ಸಿನಲ್ಲಿ ಏನೂ ಹೇಳಲಾಗದು ಎಂದೂ ಹೇಳಿದರು. ಹಿಂದಿನ ದಿನವೇ ತಿಂಗಳ ಮೊದಲ ಭಾನುವಾರ. ಆಯಿ ಸಾವಿಗೆ ಹೆದರುವ ಪೈಕಿ ಅಲ್ಲ. ಪ್ರಭುವಿನ ಊಟದ ಆ ರೊಟ್ಟಿ, ರಸ ಮುಟ್ಟದೆ ಹೋಗಬೇಕಾದೀತಲ್ಲ ಎಂಬುದೊಂದೇ ಅವಳ ಸಂಕಟ. ಆದರೂ ಸೊಸೆಯರನ್ನು ಕರೆದು ಒಂದು ಮಾತು ಹೇಳಲಿಲ್ಲ. ಹೇಳಿ ಮಾಡಿಸಿದ ರಾಜಿ ನೀರ ಮೇಲಿನ ಎಣ್ಣೆ ಎನ್ನುತ್ತಿದ್ದಳು.

ಶನಿವಾರ ಸಂಜೆ ರಸ ಹಿಂಡಬೇಕು. ನೆನೆದ ದ್ರಾಕ್ಷಿಯನ್ನು ಕಿವುಚಿ, ಬಟ್ಟೆಯಲ್ಲಿ ಸುತ್ತಿ, ಎರಡು ತುದಿ ಹಿಡಿದು ಇಬ್ಬರು ಹಿಂಡುವ ಕೆಲಸ. ಇಬ್ಬರಲ್ಲಿ ಯಾರನ್ನು ಕರೆದರೂ ಇನ್ನೊಬ್ಬಳಿಗೆ ಬೇಸರವೆಂದು ಆಯಿ ಇಷ್ಟು ದಿನ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಒಬ್ಬಳೇ ಹಿಂಡುತ್ತಿದ್ದಳು. ಅಂದು ಅವಳಿಗೆ ಏಳಲಾಗಲಿಲ್ಲ, ಹೊರಸಿನ ಮೇಲೆ ಮಲಗಿದ್ದಳು. ಅವ್ವ ತಾನೇ ಬಟ್ಟೆಯನ್ನು ಕಂಬಕ್ಕೆ ಕಟ್ಟಿದಳು. ಅವಳು ಕಟ್ಟಿದ ಗಂಟು ಅವಳ ಕರ್ಚಿಕಾಯಿಯ ಹಾಗೆಯೇ ಎಂದು ಈಗ ಧೈರ್ಯವಾಗಿ ಬರೆಯಬಹುದು. ನಾಲ್ಕು ಸುತ್ತು ತಿರುವುವಷ್ಟರಲ್ಲಿ ಗಂಟು ಜಾರಿತು. ಇಡೀ ಸಭೆಯ ದ್ರಾಕ್ಷಿ ಇನ್ನೇನು ಮಣ್ಣುಪಾಲು ಎನ್ನುವಾಗ ಆ ಕಡೆಯ ಬಾಗಿಲಿನಿಂದ ಎಸ್ತೇರ ಚಿಗವ್ವ ಹಾರಿ ಬಂದು ತುದಿಯನ್ನು ಗಪ್ಪನೆ ಹಿಡಿದಳು.

ಹಿಡಿದಳೇನೋ ಸರಿ, ಬಿಡುವ ಹಾಗಿಲ್ಲವಲ್ಲ! ಬಿಟ್ಟರೆ ದ್ರಾಕ್ಷಿ ನೆಲಕ್ಕೆ. ಇಬ್ಬರೂ ಎದುರುಬದುರು, ನಡುವೆ ಬಟ್ಟೆ, ಕೆಳಗೆ ಬೋಗುಣಿ. ಅವ್ವ ನೆಲ ನೋಡುತ್ತ ತಿರುವತೊಡಗಿದಳು. ಪಾಪ, ಚಿಗವ್ವ ಜಗಳ ಬೇಡವೆಂದು ಅವ್ವನ ಕೈ ಹೋದ ಕಡೆಗೇ ತನ್ನ ಕೈಯನ್ನೂ ತಿರುಗಿಸಿದಳು. ಬಟ್ಟೆ ಗರಗರ ಉರುಳಿತೇ ವಿನಾ ಒಂದು ಹನಿ ಇಳಿಯಲಿಲ್ಲ.

ಹೊರಸಿನಿಂದ ಆಯಿಯ ದನಿ ಬಂತು: "ಯವ್ವಾ ತಾಯಿಗಳ್ರ್ಯಾ! ಇಷ್ಟ ದಿನಾ ಒಬ್ಬಾಕಿ ಆ ಕಡೆ ಅಂದ್ರ ಒಬ್ಬಾಕಿ ಈ ಕಡೆ ಹೋದ್ರಿ. ಇವತ್ತ ಯಾಕ ಒಂದ ಕಡೆ ತಿರುವಾಕತ್ತೀರಿ? ಉಲ್ಟಾ ತಿರುವ್ರಿ! ನಿಮಗದು ಬರತೈತಲ್ಲ!"

ಮೊದಲು ನಕ್ಕಿದ್ದು ಅವ್ವ. ನಗುತ್ತ ನಗುತ್ತ ಅಳತೊಡಗಿದಳು. ಚಿಗವ್ವ ತನ್ನ ಕಡೆಯಿಂದ ಉಲ್ಟಾ ತಿರುವಿದಳು. ಬಟ್ಟೆ ಬಿಗಿಯಾಯಿತು, ರಸ ಧಾರೆಯಾಗಿ ಬೋಗುಣಿಗೆ ಬಿತ್ತು.

"ಅಕ್ಕಾ," ಎಂದಳು ಚಿಗವ್ವ ಕೈ ಬಿಡದೆ, "ಅವತ್ತ ಮಂದ್ಯಾಗ ಹಂಗ ಅನಬಾರದಿತ್ತ ನಾ. ತಪ್ಪಾತು."

ಅವ್ವ ತೋಳಿನಲ್ಲಿ ಕಣ್ಣೊರೆಸಿಕೊಂಡು, "ಬಾಯಿ ಬಿಟ್ಟಿದ್ದು ಖರೇನ ಇತ್ತಲ್ಲ. ಮದ್ಲ ಗಟ್ಟಿ ತಿರುವ," ಎಂದಳು.

ಮರುದಿನ ಆಯಿಯನ್ನು ಕುರ್ಚಿಯ ಮೇಲೆ ಕೂರಿಸಿಕೊಂಡು ಪ್ರಾರ್ಥನಾ ಮನೆಗೆ ಒಯ್ದೆವು. ಒಂದು ಮಗ್ಗುಲಿಗೆ ಅವ್ವ, ಇನ್ನೊಂದು ಮಗ್ಗುಲಿಗೆ ಚಿಗವ್ವ. ತಟ್ಟೆ ಬಂತು. ಆಯಿ ಎತ್ತಿದ ಬಟ್ಟಲಿಗೆ ಇಬ್ಬರೂ ಕೈ ಕೊಟ್ಟರು. ಕೊನೆಯ ಹನಿಯವರೆಗೂ ಕುಡಿದಳು. ಆಮೇಲೆ ಪಾಸ್ಟರಿಗೂ ಕೇಳುವಂತೆ, "ನೀರ ಜಾಸ್ತಿ ಹಾಕ್ಯಾರ," ಎಂದಳು. ಆಪರೇಷನ್ ಆಗಿ ಮನೆಗೆ ಬಂದು, ಮುಂದೆಯೂ ಎಷ್ಟೋ ವರ್ಷ ಅದೇ ದೂರು ಹೇಳುತ್ತ ಬದುಕಿದಳು.

ಆಯಿಯ ನಂತರ ಅವ್ವ ನನ್ನ ಜೊತೆ ವಿಜಯಪುರಕ್ಕೆ ಬಂದಳು, ಚಿಗವ್ವ ಮಗನ ಜೊತೆ ಹತ್ತಿರದ ತೊರವಿ ಸೇರಿದಳು. ಪ್ರತಿ ತಿಂಗಳೂ ಆ ಶನಿವಾರ ಚಿಗವ್ವ ಸಿಟಿ ಬಸ್ಸು ಹತ್ತಿ ಬರುತ್ತಿದ್ದಳು, ಇಬ್ಬರೂ ಹಿತ್ತಲಿನಲ್ಲಿ ಕೂತು ಇಲ್ಲಿನ ಸಭೆಗೆ ರಸ ಹಿಂಡುತ್ತಿದ್ದರು. ಮಿಕ್ಸರ್ ಇದೆಯಲ್ಲ ಎಂದು ನಾನು ಹೇಳಿದರೆ ಇಬ್ಬರೂ ಕೂಡಿಯೇ ನನ್ನನ್ನು ಬೈಯುತ್ತಿದ್ದರು. ಈ ಬೇಸಿಗೆಯಲ್ಲಿ ಚಿಗವ್ವ ತೀರಿಕೊಂಡಳು. ಅವ್ವ ಬಟ್ಟೆಯನ್ನು ಟ್ರಂಕಿನ ತಳಕ್ಕೆ ಹಾಕಿದಳು. ಸಭೆಯವರು ಅಂಗಡಿಯಿಂದ ರಸದ ಬಾಟಲಿ ತರಿಸಿದರು. ನನಗೆ ಆ ಕೆಲಸ ಒಬ್ಬ ಮುದುಕಿಯ ಹವ್ಯಾಸದಂತೆ ಕಂಡಿತ್ತು.

ಇವತ್ತು ಅದೇ ಶನಿವಾರ. ಹಿತ್ತಲಿಗೆ ಹೋಗಿ ನೋಡಿದೆ. ಅವ್ವ ಮೆಟ್ಟಿಲ ಮೇಲೆ ಕೂತು ತೊರವಿಯ ಬಸ್ಸು ಬರುವ ರಸ್ತೆಯನ್ನು ನೋಡುತ್ತಿದ್ದಳು. ಬೈಯಬೇಕೆಂದಿದ್ದವಳು ತಿರುಗಿ ಒಳಗೆ ಹೋದೆ. ಬೋಗುಣಿ, ಬಟ್ಟೆ ಎರಡನ್ನೂ ತಂದೆ, ದ್ರಾಕ್ಷಿ ಕಿವುಚಿ ಬಟ್ಟೆಯಲ್ಲಿ ಸುತ್ತಿದೆ, ಒಂದು ತುದಿಯನ್ನು ಅವಳ ಕೈಗೆ ಕೊಟ್ಟು ಇನ್ನೊಂದನ್ನು ಹಿಡಿದು ಎದುರಿಗೆ ಕೂತೆ.

ಅವ್ವ ಬಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ತಿರುವತೊಡಗಿದಳು. ನಾನು ಅವಳ ಮುಪ್ಪಿನ ಕೈಗೆ ನೋವಾದೀತೆಂದು ಹಗುರಾಗಿ ಹಿಡಿದಿದ್ದೆ. ರಸ ಇಳಿಯಲಿಲ್ಲ.

"ಹಂಗಲ್ಲ ಬೇ," ಎಂದಳು ಅವ್ವ. ಅವಳ ಕಣ್ಣು ತುಂಬಿತ್ತು. "ಉಲ್ಟಾ ತಿರುವ. ನಿಮ್ಮ ಚಿಗವ್ವ ತಿರುವಿದಂಗ, ನನ್ನ ಜೋಡಿ ಜಗಳಕ್ಕ ನಿಂತಂಗ ತಿರುವ."

ನಾನು ಜಗಳಕ್ಕೆ ನಿಂತೆ.