ಎರಡು ಗೆರೆಯ ಸೈಕಲ್ ಕಡ್ಡಿ

ಆ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಬೆಳಗ್ಗೆ ಬೈಲಹೊಂಗಲದ ಮೇಲೆ ಮೋಡವಿರಲಿಲ್ಲ. ವಾರವೆಲ್ಲ ಹಿಡಿದು ಕುಳಿತ ಮಳೆ ಹಿಂದಿನ ದಿನವಷ್ಟೇ ಹೊರಟುಹೋಗಿತ್ತು. ಎರೆಹೊಲಗಳ ಮೇಲೆ ತೆಳುವಾದ ಮಂಜು ನಿಂತಿತ್ತು. ನಮ್ಮ ತರಬೇತಿ ಕೇಂದ್ರದ ವರ್ಕ್‌ಶಾಪಿನ ತಗಡಿನ ಮೇಲಿಂದ ಇಬ್ಬನಿ ಒಂದೊಂದೇ ಹನಿಯಾಗಿ ಕೆಳಗಿನ ಕಲ್ಲಿಗೆ ಬೀಳುತ್ತಿತ್ತು. ಹದಿನಾಲ್ಕು ವರ್ಷದ ಹಿಂದಿನ ಆ ಬೆಳಗನ್ನು ಇಷ್ಟು ವಿವರವಾಗಿ ನೆನೆಯಲು ಕಾರಣವಿದೆ. ಮೂವತ್ನಾಲ್ಕು ವರ್ಷ ಮೋಟಾರು ವಿಭಾಗದಲ್ಲಿ ಪಾಠ ಹೇಳಿ ಈ ಮೇ ತಿಂಗಳ ಕೊನೆಗೆ ನಿವೃತ್ತರಾದ ಶ್ರೀ ಗುರುನಾಥ ಹನುಮಪ್ಪನವರ ಸೇವಾಪುಸ್ತಕದಲ್ಲಿ ಒಂದೇ ಒಂದು ಕಪ್ಪು ಗೆರೆ ಇದೆ. ಆ ಗೆರೆ ಹುಟ್ಟಿದ್ದು ಆ ಬೆಳಗ್ಗೆ. ಅದು ಅವರು ಎಳೆದುಕೊಂಡದ್ದು, ಅವರಿಗೆ ಸೇರಿದ್ದಲ್ಲ. ಅಭಿನಂದನ ಗ್ರಂಥದಲ್ಲಿ ಸದ್ಗುಣಗಳನ್ನು ಎಣಿಸುವುದು ವಾಡಿಕೆ. ಈ ಲೇಖನ ಮಾತ್ರ ಆ ಗೆರೆಯ ನಿಜವನ್ನು ಹೇಳಲೆಂದೇ ಬರೆದದ್ದು.

ಕಿತ್ತೂರಿನ ಗುರುನಾಥರು 1991ರಲ್ಲಿ ಕೇಂದ್ರಕ್ಕೆ ಬಂದಾಗ ವರ್ಕ್‌ಶಾಪಿನಲ್ಲಿದ್ದದ್ದು ಒಂದು ಕೆಟ್ಟ ಜೀಪು ಮತ್ತು ಎರಡು ಪೆಟ್ಟಿಗೆ ಪಾನ, ಅಂದರೆ ಸ್ಪ್ಯಾನರು. ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಯಾವ ಗ್ಯಾರೇಜಿಗೆ ಹೋಗಿ ನಿಂತರೂ ಅವರ ಕೈಯಲ್ಲಿ ಪಳಗಿದ ಒಬ್ಬರಾದರೂ ಎದ್ದು ಬಂದು ಚಹಾ ತರಿಸುತ್ತಾರೆ. ಗಾಡಿ ಮುಂದೆ ಬಂದರೆ ಅವರು ಒಮ್ಮೆಲೇ ಪಾನ ಹಿಡಿಯುತ್ತಿರಲಿಲ್ಲ. ನೆಲ ಮುಟ್ಟಿ ಹಣೆಗೆ ಕೈ ಹಚ್ಚಿ, ಗಾಲಿಯನ್ನು ಕೈಯಿಂದ ನಿಧಾನ ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. "ಸರ ಗಾಡಿ ನಾಡಿ ಹಿಡ್ಯಾಕ ಹತ್ಯಾರ, ಸುಮ್ಕಿರ್ರಿ" ಎಂದು ಹಿಂದಿನ ಬೆಂಚಿನವರು ನಗುತ್ತಿದ್ದರು. ಗುರುನಾಥರೂ ನಕ್ಕು, "ನಾಡಿ ತಪ್ಪಿದ್ರ ನಿಮ್ಮನ್ನ ಕರ‍್ಯಾಂವನ. ಹೊರಾಕ ನಾಕ ಮಂದಿ ಬೇಕಲ್ಲ" ಎನ್ನುತ್ತಿದ್ದರು.

ಅವರ ಬಳಿಗೆ ಬರುತ್ತಿದ್ದ ಗಾಡಿಗಳಲ್ಲೆಲ್ಲ ವಿಚಿತ್ರವಾದದ್ದು ಕಟಕೋಳದ ಮಡಿವಾಳೆಪ್ಪನದು. ಮಡಿವಾಳೆಪ್ಪನ ಕಸುಬು ತಕ್ಕಡಿ ರಿಪೇರಿ. ನಾಲ್ಕೂ ತಾಲೂಕಿನ ಸಂತೆಗಳಿಗೆ ಹೋಗಿ ವ್ಯಾಪಾರಿಗಳ ತಕ್ಕಡಿಯ ಮುಳ್ಳು ಸರಿಮಾಡುವುದು, ಸವೆದ ತೂಕದ ಕಲ್ಲುಗಳನ್ನು ಬದಲಿಸಿಕೊಡುವುದು. ಇದಕ್ಕಾಗಿ ಅವನ ಮಾವ ಎಂದೋ ಹರಾಜಿನಲ್ಲಿ ಹಿಡಿದಿದ್ದ ಹೊರದೇಶದ ಹಳೆಯ ಬೈಕು, ಅದರ ಪಕ್ಕಕ್ಕೆ ತೊಟ್ಟಿಲಿನಂಥ ಸೈಡ್‌ಕಾರು. ಅದರಲ್ಲಿ ಒಂದು ಪೆಟ್ಟಿಗೆ ಕಬ್ಬಿಣದ ಕಲ್ಲು, ಪೆಟ್ಟಿಗೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಹೆಂಡತಿ ಶಟ್ಟೆವ್ವ.

ಆ ಬೈಕಿಗೆ ಚೈನಿರಲಿಲ್ಲ. ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗೆ ಒಯ್ಯುತ್ತಿದ್ದದ್ದು ಒಂದು ಉಕ್ಕಿನ ದಂಡ, ಅಂದರೆ ಡ್ರೈವ್ ಶಾಫ್ಟು. ಶಾಫ್ಟಿನ ತುದಿಗೆ ಕ್ರಾಸು ಎಂಬ ಒಂದು ತಿರುಗುಕೀಲು, ಅದರಾಚೆ ಗಾಲಿಯ ಮಗ್ಗುಲಿಗೆ ಅಂಟಿಕೊಂಡ ಮುಷ್ಟಿಯಷ್ಟು ದೊಡ್ಡ ಗಿಯರ್ ಪೆಟ್ಟಿಗೆ. ಕ್ರಾಸಿಗೆ ಗ್ರೀಸು, ಪೆಟ್ಟಿಗೆಗೆ ಎಣ್ಣೆ. ಇಷ್ಟೇ ಅದರ ಊಟ. ಆದರೆ ಆ ಊಟಕ್ಕೆ ಮಿತಿಯಿದೆ. ಗ್ರೀಸು ಕಡಿಮೆಯಾದರೆ ಒಂದೇ ಕಡೆಯ ಭಾರಕ್ಕೆ ಕ್ರಾಸು ಕಟಕಟ ಅನ್ನುತ್ತದೆ. ಎಣ್ಣೆ ಹೆಚ್ಚಾದರೆ ಅದು ಸೀಲು ದಾಟಿ ಪಕ್ಕದ ಬ್ರೇಕಿನ ಡ್ರಮ್ಮಿಗೆ ಇಳಿಯುತ್ತದೆ. ಎಣ್ಣೆ ಅಳೆಯಲು ಗಾಡಿಯ ಜೊತೆ ಬಂದಿದ್ದ ಅಳತೆಗೋಲು ಎಂದೋ ಕಳೆದುಹೋಗಿತ್ತು. ಗುರುನಾಥರು ಸೈಕಲ್ಲಿನ ಒಂದು ಕಡ್ಡಿ ತೆಗೆದುಕೊಂಡು, ಮೂರು ದಿನ ಅಳೆದು ನೋಡಿ, ಅರದಿಂದ ಎರಡು ಗೆರೆ ಕೊರೆದಿದ್ದರು. ಕೆಳಗಿನ ಗೆರೆಗಿಂತ ಇಳಿಯಬಾರದು, ಮೇಲಿನ ಗೆರೆ ದಾಟಬಾರದು. ಗಾಡಿಯನ್ನು ಸಪಾಟು ನೆಲದ ಮೇಲೆ ನಿಲ್ಲಿಸಿ, ಆರಲು ಬಿಟ್ಟು, ಆಮೇಲೆಯೇ ಕಡ್ಡಿ ಇಳಿಸಬೇಕು. "ಹಾಕೂದು ಎಲ್ಲಾರಿಗೂ ಬರ್ತೈತಿ. ನಿಲ್ಲಸೂದ ಕಲೀರಿ" ಎಂಬುದು ಅವರು ಪ್ರತಿ ವರ್ಷ ಹೇಳುತ್ತಿದ್ದ ಪಾಠ.

2011ರ ತಂಡದಲ್ಲಿ ದೇಗಾಂವದ ಶಿವಾನಿ ಎಂಬ ಹತ್ತೊಂಬತ್ತರ ಹುಡುಗಿಯಿದ್ದಳು. ಈಗ ಅವರು ಅದೇ ವಿಭಾಗದ ಬೋಧಕಿ, ನಮ್ಮ ಸಹೋದ್ಯೋಗಿ. ಆದರೆ ಈ ಪ್ರಸಂಗದಲ್ಲಿ ಹುಡುಗಿಯಾಗಿಯೇ ಬರುತ್ತಾರಾದ್ದರಿಂದ ಏಕವಚನಕ್ಕೆ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಮುಂದಿನದೆಲ್ಲ ಅವರು ಹೇಳಿ ಬರೆಸಿದ್ದು. ಮೋಟಾರು ವಿಭಾಗಕ್ಕೆ ಸೇರಿದ ಮೊದಲ ಹೆಣ್ಣುಮಗಳು ಅವಳು. ಕೇಂದ್ರದ ಅಂದಿನ ಮುಖ್ಯಸ್ಥರಿಗೆ ಅದಕ್ಕೆ ಮನಸ್ಸಿರಲಿಲ್ಲ. "ಒಂದ ವರ್ಷ ನೋಡೂಣು. ಏನರ ಹೆಚ್ಚುಕಮ್ಮಿ ಆತಂದ್ರ ಹೊಲಿಗಿ ವಿಭಾಗ ಐತಿ" ಎಂದು ಪ್ರವೇಶದ ದಿನವೇ ಹೇಳಿಟ್ಟಿದ್ದರು.

ಹಬ್ಬದ ವಾರದಲ್ಲಿ ಮಡಿವಾಳೆಪ್ಪನ ಗಾಡಿ ಕ್ರಾಸಿನ ಕೆಲಸಕ್ಕೆ ಬಂತು. ಗುರುನಾಥರು ಅದನ್ನು ಶಿವಾನಿಗೆ ವಹಿಸಿದರು. ಅವಳು ಶಾಫ್ಟು ಬಿಚ್ಚಿ ತೊಳೆದು, ಹೊಸ ಕ್ರಾಸು ಕೂರಿಸಿ, ಗ್ರೀಸು ತುಂಬಿ ಸಂದಿಯಲ್ಲಿ ಅದರ ಬಣ್ಣ ಕಂಡೊಡನೆ ಕೈ ನಿಲ್ಲಿಸಿದಳು. ಎಣ್ಣೆ ಹಾಕಿ ಕಡ್ಡಿ ಇಳಿಸಿದಳು. ಸರಿಯಾಗಿ ಮೇಲಿನ ಗೆರೆ. ಗುರುನಾಥರು ನೋಡಿ, "ಬಿರಡಿ ಹಾಕು" ಎಂದಷ್ಟೇ ಹೇಳಿ, ಕೆಲಸದ ಚೀಟಿಗೆ ಸಹಿ ಹಾಕಿದರು.

ಮಾರನೆಯ ದಿನವೇ ಖಂಡೇಪೂಜೆ. ದೇಗಾಂವದಲ್ಲಿ ಶಿವಾನಿಯ ಅಜ್ಜಿ ಚನ್ನವ್ವನ ಮನೆಯಲ್ಲಿ ಮಹಾನವಮಿಯ ದಿನ ಒಂದು ನೇಮವಿತ್ತು. ಆ ದಿನ ಮನೆಯಲ್ಲಿ ಯಾವ ಪಾತ್ರೆಯೂ ಅರ್ಧ ನಿಲ್ಲಬಾರದು. ನೀರಿನ ಕೊಡ, ಎಣ್ಣೆಯ ಗಿಂಡಿ, ಉಪ್ಪಿನ ಮಡಕೆ, ದೀಪದ ಪಣತಿ ಎಲ್ಲವೂ ಕಂಠದವರೆಗೆ ತುಂಬಿರಬೇಕು. ಆ ಮನೆಯಲ್ಲಿ ಬೆಳೆದ ಹುಡುಗಿ ನಸುಕಿನಲ್ಲೇ ಬಂದು, ತಾನು ಮೊದಲ ಸಲ ಸ್ವತಂತ್ರವಾಗಿ ಮಾಡಿದ ಗಾಡಿಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿದಳು. ಆಮೇಲೆ ಪೆಟ್ಟಿಗೆಯ ಬಿರಡೆ ತೆರೆದು ಒಳಗೆ ನೋಡಿದಳು. ಎಣ್ಣೆ ಕೆಳಗೆಲ್ಲೋ ಇತ್ತು. ಪೆಟ್ಟಿಗೆ ಅರ್ಧ ಖಾಲಿ. ಹಬ್ಬದ ದಿನ ಅದು ಅವಳ ಕಣ್ಣಿಗೆ ಹಸಿದು ಕುಳಿತಂತೆ ಕಂಡಿತು. ಗೆರೆ ಅವಳಿಗೆ ಗೊತ್ತಿತ್ತು. ಒಂದು ದಿನಕ್ಕೇನು, ಹಬ್ಬ ಮುಗಿದ ಮೇಲೆ ತೆಗೆದರಾಯಿತೆಂದುಕೊಂಡು, ಉಳಿದ ಎಣ್ಣೆಯನ್ನೆಲ್ಲ ಕಂಠದವರೆಗೆ ಸುರಿದು, ಕೈಮುಗಿದು ಬಿರಡೆ ಹಾಕಿದಳು. ಪೂಜೆ ಮುಗಿಯುತ್ತಿದ್ದಂತೆಯೇ ಮಡಿವಾಳೆಪ್ಪ ಬಂದು ಗಾಡಿ ತೆಗೆದುಕೊಂಡು ಹೋಗಿಬಿಟ್ಟ. ಅವಳು ಆಗ ಪ್ರಸಾದ ಹಂಚುವುದರಲ್ಲಿದ್ದಳು. ಗಾಡಿ ಹೋದದ್ದು ತಿಳಿದ ಮೇಲೆ, ಹೊಲಿಗೆ ವಿಭಾಗದ ಮಾತು ನೆನಪಾಗಿ ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ಸವದತ್ತಿಯ ಇಳಿಜಾರಿನಲ್ಲಿ ಹಿಂದಿನ ಬ್ರೇಕು ಹಿಡಿಯಲಿಲ್ಲ. ಹೆಂಡತಿ ಮತ್ತು ಒಂದು ಪೆಟ್ಟಿಗೆ ಕಬ್ಬಿಣ ಹೊತ್ತ ಗಾಡಿಯನ್ನು ಮಡಿವಾಳೆಪ್ಪ ರಸ್ತೆಯಂಚಿನ ಗೋವಿನಜೋಳದ ದಂಟಿನ ರಾಶಿಗೆ ನುಗ್ಗಿಸಿ ಜೀವ ಉಳಿಸಿಕೊಂಡ. ಅವನಿಗೆ ತರಚು ಗಾಯವಷ್ಟೇ. ಶಟ್ಟೆವ್ವನ ಬಲ ಮುಂಗೈ ಮುರಿಯಿತು.

ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ ಮಡಿವಾಳೆಪ್ಪನ ಬಾಯಿ ಅಂಗಳಕ್ಕೆಲ್ಲ ಕೇಳುತ್ತಿತ್ತು. "ಮಾಸ್ತರ್ರ, ಇಪ್ಪತ್ತ ವರ್ಷ ನಿಮ್ಮ ಕೈಯಾಗ ಗಾಡಿ ಕೊಟ್ಟು ಕಣ್ಣ ಮುಚಗೊಂಡ ಹ್ವಾದಾಂವ ನಾ. ನನ್ನ ಹೇಣ್ತಿ ಕೈ ಯಾರ ಕಟ್ಟಿ ಕೊಡ್ತಾರ ಹೇಳ್ರಿ."

ಗುರುನಾಥರು ಗಾಡಿಯ ಪಕ್ಕ ಕುಳಿತರು. ಡ್ರಮ್ಮು ಬಿಚ್ಚಿದರೆ ಬ್ರೇಕಿನ ಶೂ ಎಣ್ಣೆಯಲ್ಲಿ ಮಿಂದಿತ್ತು. ಪೆಟ್ಟಿಗೆಯ ಬಿರಡೆ ತೆಗೆದು ತಿರುಗಿಸಿ ನೋಡಿದರು. ಅದರ ತಿರುಪಿನ ಸಂದಿಯಲ್ಲಿ ಒಂದಿಷ್ಟು ಕುಂಕುಮ ಎಣ್ಣೆ ಕುಡಿದು ಅಂಟಿಕೊಂಡಿತ್ತು. ಪೂಜೆಯ ಹೊತ್ತಿನಲ್ಲಿ ಬಿರಡೆ ತೆರೆದವರ ಬೆರಳಿನಿಂದ ಮಾತ್ರ ಅದು ಅಲ್ಲಿಗೆ ಹೋಗಬಹುದಿತ್ತು. ಮುಖ್ಯಸ್ಥರು ಮೆಟ್ಟಿಲಿಳಿದು ಬರುತ್ತಿದ್ದರು. ಗುರುನಾಥರು ಕೈಯಲ್ಲಿದ್ದ ಅರಿವೆಯಿಂದ ಆ ಕುಂಕುಮವನ್ನು ಒರೆಸಿ, ಅರಿವೆಯನ್ನು ಜೇಬಿಗೆ ಹಾಕಿಕೊಂಡರು. ಕಂಬದ ಹಿಂದೆ ನಿಂತಿದ್ದ ಶಿವಾನಿ ಅದನ್ನು ಕಂಡಳು.

ಅಂದು ಸಂಜೆ ಅವರು ಬರೆದುಕೊಟ್ಟ ಕಾಗದ ಎರಡೇ ಸಾಲಿನದು: "ಗಾಡಿ ಬಿಟ್ಟುಕೊಡುವ ಮುನ್ನ ಎಣ್ಣೆಯ ಮಟ್ಟವನ್ನು ನಾನು ಮರುಪರೀಕ್ಷಿಸಲಿಲ್ಲ. ತಪ್ಪು ನನ್ನದು." ಅದರ ಫಲವಾಗಿ ಅವರಿಗೆ ಬರಬೇಕಿದ್ದ ವಿಭಾಗ ಮುಖ್ಯಸ್ಥರ ಹುದ್ದೆ ಕಿರಿಯರೊಬ್ಬರಿಗೆ ಹೋಯಿತು, ಮತ್ತೆ ಬರಲಿಲ್ಲ. ಶಟ್ಟೆವ್ವನ ಕೈ ಕೂಡುವವರೆಗೆ, ಮೂರು ತಿಂಗಳು, ಪ್ರತಿ ರಜೆಯ ದಿನ ಅವಳ ಬದಲಿಗೆ ಅವರೇ ಸೈಡ್‌ಕಾರಿನಲ್ಲಿ ಕುಳಿತು ಸಂತೆಗೆ ಹೋಗಿ ತಕ್ಕಡಿ ಹಿಡಿದರು. ರಾಮದುರ್ಗದ ಸಂತೆಯವರು ಅವರಿಗೆ ತಕ್ಕಡಿ ಮಾಸ್ತರ ಎಂದು ಹೆಸರಿಟ್ಟರು. ಆ ಮೂರು ತಿಂಗಳಲ್ಲಿ ಮಡಿವಾಳೆಪ್ಪನ ಸಿಟ್ಟು ಎಲ್ಲಿ ಕರಗಿತೆಂಬುದು ಅವನಿಗೇ ತಿಳಿಯಲಿಲ್ಲ.

ಶಿವಾನಿ ಆ ಕಾಗದ ಬರೆದ ಸಂಜೆಯಿಂದ ನಾಲ್ಕು ದಿನ ಊಟ ಬಿಟ್ಟಳು. ಐದನೆಯ ದಿನ ಸ್ಟೋರ್ ರೂಮಿನ ಬಾಗಿಲಲ್ಲಿ ಹೋಗಿ ನಿಂತಳು.

"ಸರ, ಅವತ್ತ…"

"ಏನ ಹೇಳಾಕ ಬಂದೀ ಗೊತ್ತೈತಿ ತಂಗಿ. ಹೇಳಬ್ಯಾಡ."

"ತಪ್ಪ ನಂದರಿ ಸರ."

"ನೀ ಇವತ್ತ ಹೇಳಿದ್ರ ನಾಳೆ ಹೊಲಿಗಿ ಮಶೀನ್ ಮುಂದ ಕೂಡ್ತಿ. ಬರೂ ವರ್ಷ ಮತ್ತೊಂದ ಹುಡಿಗಿ ಬಂದ್ರ, ಹಿಂದ ಒಬ್ಬಾಕಿ ಏನ ಮಾಡಿದ್ಲು ನೋಡ್ರಿ ಅಂತಾರ. ನಾ ನೋಡಲಿಲ್ಲ ಅನ್ನೂದು ಖರೇನ ಐತಿ. ನಾ ಸುಳ್ಳೇನ ಬರದಿಲ್ಲ."

ಅವಳು ಅಳತೊಡಗಿದಳು. ಗುರುನಾಥರು ಕಪಾಟು ತೆರೆದು ಆ ಸೈಕಲ್ ಕಡ್ಡಿ ತೆಗೆದರು.

"ಇದನ್ನ ಇಟಗೊ. ಕೊಟ್ಟಿಲ್ಲ ಮತ್ತ, ಕಡಾ ಕೊಟ್ಟೇನಿ. ಇನ್ನೊಬ್ಬರಿಗೆ ನಿಲ್ಲಸೂದ ಕಲಿಸಿದ ದಿವಸ ತಂದು ಕೊಡು. ಅಲ್ಲೀತನಕ ನಾ ಬ್ಯಾರೆ ಕಡ್ಡಿ ಮಾಡ್ಕೋತೇನಿ. ಸೈಕಲ್ಲಿಗೇನ ಬರಗಾಲಿಲ್ಲ."

ಅವಳು ಕಲಿತಳು, ಕಿತ್ತೂರಿನ ಹೆದ್ದಾರಿಯ ಗ್ಯಾರೇಜಿನಲ್ಲಿ ಐದು ವರ್ಷ ದುಡಿದಳು, ಬೋಧಕಿಯಾಗಿ ನಮ್ಮಲ್ಲಿಗೇ ಬಂದಳು. ಅವಳ ಹಿಂದೆ ಹನ್ನೊಂದು ಹೆಣ್ಣುಮಕ್ಕಳು ಆ ವಿಭಾಗದಿಂದ ಹೊರಬಿದ್ದಿದ್ದಾರೆ. ಅವರಿಗೆಲ್ಲ ಎಣ್ಣೆ ಅಳೆಯುವುದನ್ನು ಕಲಿಸಿದವಳು ಅವಳೇ. ಆದರೂ ಕಡ್ಡಿ ಅವಳ ಬಳಿಯೇ ಉಳಿಯಿತು. ಕಲಿಸಿದ್ದೇನೋ ಹೌದು, ಆದರೆ ಯಾರ ಕೈ ಮುರಿಯಿತೋ ಅವರ ಮುಂದೆ ನಿಂತಿಲ್ಲವೆಂಬ ಭಾರ ಒಳಗೇ ಇತ್ತು.

ಈ ವರ್ಷ ಯುಗಾದಿಯ ಹೊತ್ತಿಗೆ ಮಡಿವಾಳೆಪ್ಪನ ಕಣ್ಣಿನ ಪೊರೆ ತೆಗೆದರು. ಗಾಡಿ ಓಡಿಸಲು ತೊಂದರೆಯಿಲ್ಲ, ಹತ್ತಿರದ್ದು, ಅದರಲ್ಲೂ ಗುರುನಾಥರು ಮಾಡಿಕೊಟ್ಟಿದ್ದ ಅಳತೆಕಡ್ಡಿಯ ಗೆರೆ, ಕಾಣುವುದಿಲ್ಲ. ಹೆಂಡತಿಗೆ ಅದನ್ನು ಕಲಿಸಿಕೊಡಿರೆಂದು ಹೇಳಿಕಳಿಸಿದ. ಗುರುನಾಥರ ನಿವೃತ್ತಿಯ ಸಿದ್ಧತೆಯಲ್ಲಿ ಆ ಕೆಲಸ ಶಿವಾನಿಯ ಪಾಲಿಗೆ ಬಂತು. ಅವಳು ತನ್ನ ಬಳಿಯಿದ್ದ ಹಳೆಯ ಕಡ್ಡಿ ತೆಗೆದುಕೊಂಡು ಕಟಕೋಳಕ್ಕೆ ಹೋದಳು. ಅಂಗಳದಲ್ಲಿ ಗಾಡಿಯ ಪಕ್ಕ ಶಟ್ಟೆವ್ವ ಮತ್ತು ತಾನು ಇಬ್ಬರೇ ಕುಳಿತಾಗ ಬಿರಡೆ ತೆಗೆಯುವ ಮೊದಲು ಎಲ್ಲವನ್ನೂ ಹೇಳಿದಳು. ಅಜ್ಜಿಯ ನೇಮ, ಹಬ್ಬದ ನಸುಕು, ಕಂಠದವರೆಗೆ ಸುರಿದ ಎಣ್ಣೆ.

ಶಟ್ಟೆವ್ವ ತನ್ನ ಬಲ ಮುಂಗೈಯನ್ನು ಒಮ್ಮೆ ತಿರುವಿ ನೋಡಿಕೊಂಡಳು.

"ಹಬ್ಬಕ್ಕ ತುಂಬಿಸಿದ್ದೇನು?"

"ಹೂಂ ರೀ ಅವ್ವಾರ."

"ಹದಿನಾಲ್ಕ ವರ್ಷ ಆ ಮಾಸ್ತರನ್ನ ಬೈಕೋಂತ ಬಂದೇನಲ್ಲವ್ವಾ ನಾ. ತಕ್ಕಡಿ ಹಿಡ್ಯಾಕ ಬಂದಾಗ ಮಾರಿ ನೋಡಿ ರೊಟ್ಟಿ ಸೈತ ಹಾಕಿಲ್ಲ, ನಮ್ಮಾಂವ ಹಾಕ್ಯಾನ." ಆಮೇಲೆ ನಿಟ್ಟುಸಿರು ಬಿಟ್ಟು, "ನಾನಾಗಿದ್ರೂ ತುಂಬಸ್ತಿದ್ನಿ. ಹಬ್ಬದ ದಿವಸ ಅರ್ಧ ಹೆಂಗ ಇಡೂದು? ಆದ್ರ ಅದನ್ನ ಮಾಸ್ತರನ ಸಾಹೇಬರ ಮುಂದ ಹೇಳಬೇಕು, ನನ್ನ ಮುಂದಲ್ಲ. ತಾ ಇತ್ಲಾಗ ಕಡ್ಡಿ" ಎಂದಳು.

ಶಿವಾನಿ ಎಣ್ಣೆ ಹಾಕುತ್ತಾ ಹೋದಳು, ಶಟ್ಟೆವ್ವ ಕಡ್ಡಿ ಇಳಿಸಿ ಎತ್ತಿ ಬಿಸಿಲಿಗೆ ಹಿಡಿದು ನೋಡುತ್ತಾ ಹೋದಳು. ಎಣ್ಣೆ ಮೇಲಿನ ಗೆರೆಗೆ ಬಂದಾಗ ಶಿವಾನಿ ಬೇಕೆಂದೇ ಕೈ ನಿಲ್ಲಿಸಲಿಲ್ಲ. ಶಟ್ಟೆವ್ವ ಥಟ್ಟನೆ ಅವಳ ಮಣಿಕಟ್ಟು ಹಿಡಿದಳು. "ಸಾಕು. ಇನ್ನೊಂದ ಕೈ ಮುರೀಬೇಕಂತ ಮಾಡೀ ಏನು?"

ಮರುದಿನ ಶಿವಾನಿ ಈಗಿನ ಮುಖ್ಯಸ್ಥರಿಗೆ ಒಂದು ಅರ್ಜಿ ಕೊಟ್ಟಳು. ಅಂದು ಎಣ್ಣೆ ಸುರಿದವಳು ತಾನೆಂದೂ, ಶ್ರೀ ಗುರುನಾಥರು ನೋಡಿ ಸಹಿ ಮಾಡಿದಾಗ ಮಟ್ಟ ಸರಿಯಾಗಿತ್ತೆಂದೂ ಅದರಲ್ಲಿತ್ತು. ಆ ಅರ್ಜಿ ಈಗ ಅವರ ಸೇವಾಪುಸ್ತಕಕ್ಕೆ ಲಗತ್ತಾಗಿದೆ. ಹೋದ ಹುದ್ದೆ ಬರಲಾರದು. ಹೆಸರು ಮಾತ್ರ ಇದ್ದಲ್ಲಿಗೆ ಬಂತು.

ಗುರುನಾಥರು ಇನ್ನು ಕಿತ್ತೂರಿನ ತಮ್ಮ ಮನೆಯ ಪಡಸಾಲೆಯಲ್ಲಿ ವಾರಕ್ಕೆರಡು ದಿನ ಗಾಡಿ ನೋಡುತ್ತಾರಂತೆ. ಆ ಕಿವಿ ಮಂದವಾಗದಿರಲಿ, ಆ ಬೆರಳು ನಡುಗದಿರಲಿ, ನಾಲ್ಕು ತಾಲೂಕಿನ ಗಾಲಿಗಳು ಅವರ ಅಂಗಳಕ್ಕೆ ಇನ್ನೂ ಬಹುಕಾಲ ಬರುತ್ತಿರಲಿ. ಭಗವಂತನು ಅವರ ಆಯುಷ್ಯದ ಪಾತ್ರೆಯನ್ನು ಮಾತ್ರ ಯಾವ ಗೆರೆಗೂ ನಿಲ್ಲಿಸದೆ ತುಂಬಲಿ ಎಂದು ಕೇಂದ್ರದ ನಾವೆಲ್ಲರೂ ಬೇಡಿಕೊಳ್ಳುತ್ತೇವೆ.

ಮೇ ತಿಂಗಳ ಕೊನೆಯ ದಿನ ಹಾರ, ಶಾಲು, ಭಾಷಣ ಎಲ್ಲ ಮುಗಿದವು. ಗುರುನಾಥರು ವರ್ಕ್‌ಶಾಪಿನ ಕೀಲಿಕೈ ಕೊಡಲು ಒಬ್ಬರೇ ಸ್ಟೋರ್ ರೂಮಿಗೆ ಬಂದರು. ಅಲ್ಲಿ ಶಿವಾನಿ ಕಾದಿದ್ದಳು.

"ಯಾಕ ಬರಕೊಟ್ಟಿ? ನಾ ಎರಡನೇ ಸಲ ನೋಡಲಿಲ್ಲ ಅನ್ನೂದು ಖರೇ ಇತ್ತಲ್ಲ" ಎಂದರು ಅವರು.

"ಅದು ನಿಮ್ಮ ಪಾಲು ಸರ. ನನ್ನ ಪಾಲೂ ನೀವ ಇಟಗೊಂಡ ಕುಂತಿದ್ರಿ."

ಶಿವಾನಿ ಸೆರಗಿನ ಮರೆಯಿಂದ ಸೈಕಲ್ ಕಡ್ಡಿ ತೆಗೆದು, ಒಗೆದ ಅರಿವೆಯಿಂದ ಒಮ್ಮೆ ಒರೆಸಿ, ಎರಡೂ ಕೈಯಿಂದ ಅವರ ಅಂಗೈಯ ಮೇಲಿಟ್ಟಳು.