ರೇಡಿಯೋ ಕಟ್ಟಿಕೊಂಡು ಊರೂರು

ಅಪ್ಪ ಪೋಸ್ಟಾಫೀಸಿನಲ್ಲಿ ಕಾರಕೂನರಾಗಿದ್ದರು. ಮೊದಲು ಶಿಗ್ಗಾವಿಯಲ್ಲಿ, ಆಮೇಲೆ ಹಾನಗಲ್ಲಿನಲ್ಲಿ. ಆಗ ರೇಡಿಯೋ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಪೋಸ್ಟಿಗೆ ಬಂದು ಲೈಸೆನ್ಸ್ ಮಾಡಿಸಬೇಕಿತ್ತು. ಹಾಗಾಗಿ ಎರಡೂ ತಾಲೂಕಿನಲ್ಲಿ ಯಾರ ಮನೆಯಲ್ಲಿ ಎಂಥ ರೇಡಿಯೋ ಇದೆ, ಯಾವುದು ಹಾಡುತ್ತದೆ, ಯಾವುದು ಸತ್ತು ಅಟ್ಟ ಸೇರಿದೆ ಎನ್ನುವುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಬೀಗರ ಊರಿನ ಹೆಸರು ಮರೆತಾರು, ಇದನ್ನು ಮರೆಯುವವರಲ್ಲ.

ನಮ್ಮದು ವಾಲ್ವಿನ, ಅಂದರೆ ಒಳಗೆ ಗಾಜಿನ ಬುರುಡೆ ಉರಿಯುವ ರೇಡಿಯೋ. ಓಣಿಗೆ ಇನ್ನೂ ಕರೆಂಟ್ ಬಂದಿರಲಿಲ್ಲವಾದ್ದರಿಂದ ದೊಡ್ಡ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಅಪ್ಪನಿಗೆ ಹತ್ತಿರದ ಸ್ಟೇಷನ್ನುಗಳ ಮೇಲೆ ಅಷ್ಟೇನೂ ಪ್ರೀತಿಯಿಲ್ಲ. ಶಾರ್ಟ್‌ವೇವಿಗೆ ಹಾಕಿ, ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ, ಕಡಲಾಚೆಯ ದನಿ ಹಿಡಿಯುವುದೇ ಅವರ ಸುಖ. “ಏನ್ ಹೇಳಾಕತ್ತಾನ್ರಿ ಅವಾ?” ಎಂದು ಅವ್ವ ಕೇಳಿದರೆ, “ಗೊತ್ತಿಲ್ಲ. ಆದ್ರ ಭಾಳ ದೂರದಿಂದ ಹೇಳಾಕತ್ತಾನ” ಎನ್ನುತ್ತಿದ್ದರು.

ದೂರದ ದನಿ ಹಿಡಿಯಲು ಮೇಲೆ ಏರಿಯಲ್ ತಂತಿ ಬೇಕು, ಕೆಳಗೆ ಅರ್ಥಿಂಗ್ ಬೇಕು. ಅಂದರೆ ರೇಡಿಯೋದಿಂದ ಒಂದು ತಂತಿ ಎಳೆದು, ಅದನ್ನು ಸದಾ ಹಸಿಯಿರುವ ನೆಲದಲ್ಲಿ ಹುಗಿದ ಸಲಾಕೆಗೆ ಸುತ್ತಬೇಕು. ನಮ್ಮ ಹಿತ್ತಲಲ್ಲಿ ಸದಾ ಹಸಿಯಿರುವ ನೆಲ ಒಂದೇ, ಅದು ತುಳಸಿ ಕಟ್ಟೆಯ ಬುಡ. ಅವ್ವ ದಿನಾ ಬೆಳಿಗ್ಗೆ ಸ್ನಾನ ಮಾಡಿ ಒಂದು ಕೊಡ ನೀರು ತುಳಸಿಗೆ ಸುರಿಯುತ್ತಿದ್ದಳು. ಅದು ಕಟ್ಟೆ ತುಂಬಿ, ಉಕ್ಕಿ, ಬುಡಕ್ಕೆ ಹರಿಯುತ್ತಿತ್ತು. ಅವ್ವ ಊರಲ್ಲಿಲ್ಲದ ಒಂದು ದಿನ ಅಪ್ಪ ಅಲ್ಲಿ ಸಲಾಕೆ ಬಡಿದು, ಮೇಲೆ ಮಣ್ಣೆಳೆದು, ತಂತಿಯನ್ನು ಗೋಡೆಯ ಸಂದಿಯಿಂದ ಒಳಗೆ ತಂದುಕೊಂಡರು. ತುಳಸಿಯ ಬುಡಕ್ಕೆ ಕಬ್ಬಿಣ ಬಡಿದದ್ದು ಗೊತ್ತಾದರೆ ಅವ್ವ ಸುಮ್ಮನಿರುವವಳಲ್ಲ. ಅದಕ್ಕೇ ಹೇಳಲಿಲ್ಲ. ಹೇಳದೆ ಹೇಳದೆ ತಾವೂ ಮರೆತರು.

ಒಂದು ವರ್ಷ ಬೇಸಿಗೆ ಸೂಟಿ ಶುರುವಾಗಿತ್ತು. ನಾನು ಹಾನಗಲ್ಲಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಶಿಕ್ಷಕಿಯಾಗಿದ್ದೆ, ಸೂಟಿಯಾದ್ದರಿಂದ ಮನೆಯಲ್ಲೇ ಇದ್ದೆ. ಅಕ್ಕನನ್ನು ಹಿರೇಕೆರೂರಿಗೆ ಕೊಟ್ಟಿತ್ತು. ಅವಳ ಅತ್ತೆ, ಮಾವ ಅವಳನ್ನು ಕರೆದುಕೊಂಡು ಊಟಕ್ಕೆ ಬಂದಿದ್ದರು. ಅವ್ವ ಹೋಳಿಗೆ ಬೇಯಿಸುತ್ತಿದ್ದಳು. ಅದೇ ಹೊತ್ತಿಗೆ ರೇಡಿಯೋದ ಒಳಗೊಂದು ತಂತಿ ಕಳಚಿದ್ದು ಅಪ್ಪನ ಕಣ್ಣಿಗೆ ಬಿತ್ತು. ಬೆಸುಗೆ ಹಾಕುವ ತಾಮ್ರದ ಕಡ್ಡಿಯನ್ನು ಅವ್ವನ ಒಲೆಗೇ ತುರುಕಿದರು. ತೆಗೆಯುವಾಗ ಹಂಚಿಗೆ ಕೈ ತಾಗಿ ಹೋಳಿಗೆ ಬೂದಿಗೆ ಬಿತ್ತು, ಬೆಸುಗೆಗೆ ಹಚ್ಚಿದ ರಾಳದ ಹೊಗೆ ಪಡಸಾಲೆಯಲ್ಲೆಲ್ಲ ತುಂಬಿ ಬೀಗರು ಕೆಮ್ಮುತ್ತ ಎಲೆ ಬಿಟ್ಟು ಎದ್ದರು.

ಅವ್ವ ಉಳಿದ ಹೋಳಿಗೆ ಬೇಯಿಸಿ ಮುಗಿಸಿದಳು. ಬೀಗರು ಹೊರಟಾಗ ಸೀರೆಯ ಗಂಟು ಹಿಡಿದು ತಾನೂ ಹೊರಟಳು. “ಆ ಪೆಟಗಿ ಇರೋ ಮನಿಯಾಗ ನಾ ಇರಾಂಗಿಲ್ಲ. ಅದರ ಕೂಡನ ಸಂಸಾರ ಮಾಡ್ರಿ” ಎಂದು ಅಪ್ಪನಿಗೆ ಹೇಳಿ, ಬೀಗರ ಜೊತೆಗೇ ಹಿರೇಕೆರೂರಿನ ಬಸ್ಸು ಹತ್ತಿದಳು.

ಎರಡು ವಾರವಾಗುವಷ್ಟರಲ್ಲಿ ರೇಡಿಯೋದ ದನಿ ಕುಗ್ಗತೊಡಗಿತು. ಮೊದಲು ತೀರ ದೂರದವರು ಹೋದರು, ಆಮೇಲೆ ಸಿಲೋನ್ ಸ್ಟೇಷನ್ನು ಹೋಯಿತು, ಕೊನೆಗೆ ಬರೀ ಕರಕರ. ನಾನು ಹೇಳಿದೆ, “ಅಪ್ಪಾ, ರೇಡಿಯೋ ಇರ್ಲಿ. ಹೋಗಿ ಅವ್ವನ್ನ ಕರಕೊಂಡ ಬರ್ರಿ.”

“ಈಗ ಹೋದ್ರ, ರೇಡಿಯೋ ಕೆಟ್ಟಮ್ಯಾಲೆ ನನ್ನ ನೆನಪಾತು ಅಂತಾಳ. ಮೊದ್ಲ ಇದು ರಿಪೇರಿ ಆಗ್ಲಿ.”

ಗಂಡಸರ ಹಟಕ್ಕೆ ಏನು ಹೇಳುವುದು? ಅವ್ವ ಮನೆಗೆ ಬರಬೇಕಾದರೆ ರೇಡಿಯೋ ರಿಪೇರಿಯಾಗಬೇಕು ಎಂದು ನನಗೆ ತಿಳಿದುಹೋಯಿತು. ಒಲೆ, ನೀರು, ಕಸ ಎಲ್ಲ ನನ್ನ ತಲೆಗೇ ಕಟ್ಟಿತ್ತು. ಅದೆಲ್ಲ ಹೇಗೋ ನಡೆಯುತ್ತಿತ್ತು. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವನ ದನಿ ಇಲ್ಲದ ಮನೆ ನನಗೆ ಸೇರುತ್ತಿರಲಿಲ್ಲ.

ಮೊದಲ ರವಿವಾರ ಶಿಗ್ಗಾವಿಗೆ ಹೋದೆವು. ಅಲ್ಲಿ ಅಕ್ಕಿ ಗಿರಣಿಯವರ ಅಟ್ಟದಲ್ಲಿ ನಮ್ಮಂಥದೇ ರೇಡಿಯೋ ಸತ್ತು ಬಿದ್ದಿದೆ ಎಂದು ಅಪ್ಪನಿಗೆ ಗೊತ್ತಿತ್ತು. ಗಿರಣಿಯವರು ಸಂತೋಷದಿಂದ ಅದರ ವಾಲ್ವು ಕೊಟ್ಟರು. ಬರುವ ಬಸ್ಸಿನಲ್ಲಿ ಅದನ್ನು ಅರಳೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಕೂಸನ್ನು ಹಿಡಿದಂತೆ ತೊಡೆಯ ಮೇಲೆ ಹಿಡಿದು ತಂದೆ. ಹಾಕಿದೆವು. ಅದೇ ಕರಕರ. ಮುಂದಿನ ವಾರ ಹಿರೇಬೆಂಡಿಗೇರಿಯ ಒಬ್ಬ ಗೌಡರ ಮನೆಗೆ ಹೋದೆವು. ಅವರು ತಮ್ಮ ಮಾಳಿಗೆ ಹತ್ತಿಸಿ ತೋರಿಸಿ, “ನಿಮ್ಮ ಏರಿಯಲ್ ಗಿಡ್ಡ ಐತ್ರಿ, ಎತ್ತರಕ್ಕ ಕಟ್ರಿ” ಎಂದು ತಾಮ್ರದ ತಂತಿಯ ಸುರುಳಿಯನ್ನೇ ಕೊಟ್ಟು ಕಳಿಸಿದರು. ಅಪ್ಪ ಆ ವಯಸ್ಸಿನಲ್ಲಿ ಬೇವಿನ ಮರ ಹತ್ತಿ ಕಟ್ಟಿದರು. ಓಣಿಯವರೆಲ್ಲ ನಿಂತು ನೋಡಿದರು. ಕರಕರ ಸ್ವಲ್ಪ ಜೋರಾಯಿತು, ಅಷ್ಟೇ.

ಕೊನೆಗೆ ರೇಡಿಯೋವನ್ನೇ ಕೌದಿಯಲ್ಲಿ ಕಟ್ಟಿಕೊಂಡು ಸವಣೂರಿಗೆ ಹೋದೆವು. ಅಲ್ಲಿ ಗಡಿಯಾರ ರಿಪೇರಿ ಮಾಡುತ್ತ ರೇಡಿಯೋವನ್ನೂ ನೋಡುವ ಒಬ್ಬ ಸಾಹೇಬರಿದ್ದರು. “ಬರ್ರಿ, ಕುಂದರ್ರಿ” ಎಂದು ಗಂಟು ಬಿಚ್ಚಿಸಿ, ತಮ್ಮ ಬ್ಯಾಟರಿ, ತಮ್ಮ ತಂತಿಗಳನ್ನು ಜೋಡಿಸಿದರು. ಮುಳ್ಳು ಸರಿಸಿದ್ದೇ ತಡ, ನಮ್ಮ ಕಡಲಾಚೆಯವನು ಪಕ್ಕದ ಓಣಿಯಿಂದ ಕೂಗಿದಂತೆ ಮಾತಾಡತೊಡಗಿದ. ಅಪ್ಪನ ಮುಖ ನೋಡಬೇಕಿತ್ತು.

“ರೇಡಿಯೋಕ್ಕ ಏನೂ ಆಗಿಲ್ರಿ ಪೋಸ್ಟ್ ಸಾಹೇಬ್ರ. ಆಗಿದ್ದು ನಿಮ್ಮ ಮನಿಯಾಗ” ಎಂದರು ಅವರು. “ಅರ್ಥಿಂಗ್ ಎಲ್ಲಿ ಹಾಕೀರಿ?”

ಅಪ್ಪ ನೆನಪು ಮಾಡಿಕೊಳ್ಳುವಷ್ಟರಲ್ಲಿ ಸಾಹೇಬರು ತಮ್ಮ ತಂತಿ ತೋರಿಸಿದರು. ಪಕ್ಕದ ಅಂಗಡಿಯವರು ದಿನವಿಡೀ ವೀಳ್ಯದೆಲೆಗೆ ನೀರು ಹೊಡೆಯುತ್ತಿದ್ದರು. ಆ ನೀರು ಹರಿಯುವ ಗಟಾರದ ಬದಿಗೆ ಅವರ ಸಲಾಕೆ ಇತ್ತು. “ನೆಲಾ ಒಣಗಿದ್ರ ಇದು ಮಾತಾಡಾಂಗಿಲ್ರಿ. ಅಲ್ಲೆ ದಿನಾ ನೀರ ಹಾಕಾವ್ರು ಯಾರು?”

ಆಗ ಅಪ್ಪ ನನ್ನ ಕಡೆ ತಿರುಗಿದರು. “ತುಳಸಿಗೆ ನೀರ ಹಾಕಾಕತ್ತೀಯೋ ಇಲ್ಲೋ?”

“ದಿನಾ ಹಾಕ್ತೇನಿ. ಒಂದ ತಂಬಿಗಿ.”

ತುಳಸಿಗೆ ಒಂದು ತಂಬಿಗೆ ಸಾಕಾಗಿತ್ತು, ಗಿಡ ಹಸಿರಾಗಿಯೇ ಇತ್ತು. ಬುಡಕ್ಕೆ ಹರಿಯುವಷ್ಟು ನೀರು ಮಾತ್ರ ಅವ್ವ ಹೋದಂದಿನಿಂದ ಯಾರೂ ಹಾಕಿರಲಿಲ್ಲ. ಸಲಾಕೆಯ ಕಥೆಯನ್ನು ಅಪ್ಪ ಅಲ್ಲೇ, ಕೆಳಗೆ ನೋಡುತ್ತ, ಮೆಲ್ಲಗೆ ಹೇಳಿದರು. ನನಗೆ ನಗು ಬಂತು, ಅವರ ಮುಖ ನೋಡಿ ನಿಂತೂಹೋಯಿತು. ಸಾಹೇಬರು ರೊಕ್ಕ ಮುಟ್ಟಲಿಲ್ಲ. “ಮನಿಯವ್ರನ್ನ ಕರಕೊಂಡ ಬರ್ರಿ” ಎಂದು, ತಿನ್ನಲು ಕರಿದ ಖಾರದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟರು.

ಮನೆಗೆ ಬಂದು ನಾನು ಎರಡು ಕೊಡ ಸುರಿದೆ. ದೀಪ ಹಚ್ಚುವ ಹೊತ್ತಿಗೆ ರೇಡಿಯೋ ಮಾತಾಡಿತು. ಅಪ್ಪ ಕೇಳುತ್ತ ಕೂಡಲಿಲ್ಲ, ಬಂದ್ ಮಾಡಿ ಅಂಗಿ ಒಗೆಯಲು ಹೋದರು. ಬೆಳಿಗ್ಗೆ ಮೊದಲ ಬಸ್ಸಿಗೆ ಹಿರೇಕೆರೂರಿಗೆ ಹೊರಟರು.

ಅಲ್ಲಿ ಆದದ್ದನ್ನು ಅಕ್ಕ ಹೇಳಿದಳು. ಅಪ್ಪ ಚಹಾ ಕುಡಿಯುವ ಮೊದಲೇ, ಬೀಗರ ಎದುರಿಗೇ, “ನೀ ನೀರ ಹಾಕೋದ ಬಿಟ್ಟಿ, ಅದರ ದನಿ ಹೋತು” ಎಂದು ಎಲ್ಲವನ್ನೂ ಒಪ್ಪಿಕೊಂಡರಂತೆ. ಅವ್ವ ಕರಗಲಿಲ್ಲ, ಸಿಡಿದಳು. “ತುಳಸಿ ಬುಡಕ್ಕ ಸಲಾಕಿ ಬಡದೀರೇನ್ರಿ!” ಅದನ್ನು ಕಿತ್ತೆಸೆಯುತ್ತೇನೆಂದು ಗಂಟು ಕಟ್ಟಿಕೊಂಡು ಅಪ್ಪನಿಗಿಂತ ಮೊದಲೇ ಬಸ್‌ಸ್ಟ್ಯಾಂಡಿಗೆ ನಡೆದಳಂತೆ.

ಮನೆಗೆ ಬಂದವಳು ನೇರ ಹಿತ್ತಲಿಗೆ ಹೋದಳು, ಬಗ್ಗಿ ಸಲಾಕೆಯನ್ನು ನೋಡಿದಳು. ಕೀಳಲಿಲ್ಲ. ಸ್ನಾನ ಮಾಡಿ ಒಂದು ಕೊಡ ಸುರಿದು ಒಳಗೆ ಬಂದು, “ಹಚ್ಚರಿ ನೋಡೂಣು” ಎಂದಳು.

ಅಲ್ಲಿಂದ ಮುಂದೆ ಅವಳ ಕೈ ಮೇಲಾಯಿತು. ಜಗಳವಾದ ವಾರ ತುಳಸಿಗೆ ತಂಬಿಗೆ ನೀರೇ ಗತಿ. ದನಿ ಕುಗ್ಗಿದ್ದು ಕೇಳಿದರೆ ಸಾಕು, ಅಪ್ಪ ಎದ್ದು ಹೋಗಿ ಅವ್ವನ ಒಲೆಗೆ ಕಟ್ಟಿಗೆ ಒಡೆದು ತಂದಿಡುತ್ತಿದ್ದರು. ಬೆಸುಗೆಯ ಕಡ್ಡಿಗೆ ಹಿತ್ತಲಲ್ಲಿ ಬೇರೆ ಒಲೆಯನ್ನೇ ಹೂಡಿಕೊಂಡರು.

ಹೀಗೆ ಹತ್ತು ವರ್ಷ ಕಳೆದ ಮೇಲೆ ಅವ್ವ ತೀರಿಕೊಂಡಳು. ಅಷ್ಟೊತ್ತಿಗೆ ನಾನು ಟ್ರಾನ್ಸಿಸ್ಟರ್ ರೇಡಿಯೋ ತಂದುಕೊಟ್ಟಿದ್ದೆ. ಅದಕ್ಕೆ ಏರಿಯಲ್ ಬೇಡ, ಅರ್ಥಿಂಗ್ ಬೇಡ, ಎಲ್ಲಿಟ್ಟರೂ ಹಾಡುತ್ತದೆ. ಅಪ್ಪನಿಗೆ ಅದು ಗೊತ್ತಿತ್ತು, ನನಗೆ ಬಿಡಿಸಿ ಹೇಳಿದವರೂ ಅವರೇ. ಆದರೂ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಎರಡೂ ಕೈಯಲ್ಲಿ ತುಂಬಿದ ಕೊಡವನ್ನೇ ಎತ್ತಿ ತುಳಸಿಗೆ ಸುರಿಯುತ್ತಿದ್ದರು. ಅರ್ಧ ಕೊಡ ಮಾಡಿ ಕೊಟ್ಟರೆ ಬೈಯುತ್ತಿದ್ದರು. ನೀರು ಬುಡಕ್ಕಿಳಿದು ಇಂಗುವ ತನಕ ನಿಂತಿದ್ದು, ಆಮೇಲೆ ಒಳಗೆ ಬಂದು ಟ್ರಾನ್ಸಿಸ್ಟರ್ ಹಚ್ಚುತ್ತಿದ್ದರು.